ಗಾಡಿಮನೆಯ ಕೊಳೆನೀರು

ಪ್ರಯಾಣವೆಂದರೆ ಮೊದಲು ಬುತ್ತಿ, ಆಮೇಲೆ ಹಾಸಿಗೆ, ಕಡೆಗೆ ಚೊಂಬು ಎಂದು ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದರು. ಬುತ್ತಿಯ ವಿಚಾರವಾಗಿ ಈ ಅಂಕಣದಲ್ಲಿ ಹಿಂದೆ ಬೇಕಾದಷ್ಟು ಬರೆದಿದ್ದೇವೆ. ಹಚ್ಚಿದ ಅವಲಕ್ಕಿಯ ವಿಷಯದಲ್ಲಿ ನಮ್ಮ ಪಾಂಡಿತ್ಯವನ್ನು ಮೆಚ್ಚಿ ಸೋದರಿಯರು ಕಾಗದ ಬರೆದದ್ದೂ ಉಂಟು. ಚೊಂಬಿನ ವಿಚಾರವನ್ನು ಮಾತ್ರ ಇದುವರೆಗೆ ಮುಟ್ಟಿರಲಿಲ್ಲ. ಈ ಸಲ ಮುಟ್ಟಲೇಬೇಕಾಗಿ ಬಂದಿದೆ. ಊಟದ ಹೊತ್ತಿನಲ್ಲಿ ಓದುತ್ತಿರುವವರು ಪತ್ರಿಕೆಯನ್ನು ಮಡಿಸಿಟ್ಟು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಮುಂದುವರಿಸಬಹುದು.

ದಸರೆಗೆ ನಮ್ಮ ಸೋದರತ್ತೆಯವರು ಧಾರವಾಡದಿಂದ ದೆಹಲಿಗೆ ಬಂದಿದ್ದರು. ವಯಸ್ಸು 76; ಎರಡೂ ಮೊಣಕಾಲು ಹಿಡಿದಿವೆ. ಓರ್ಛೆಯಲ್ಲಿ ರಾಮನು ದೇವರಾಗಿ ಅಲ್ಲ, ರಾಜನಾಗಿ ಕೂತಿದ್ದಾನೆ, ಪೊಲೀಸರು ದಿನವೂ ಅವನಿಗೆ ಬಂದೂಕು ಹಿಡಿದು ಸಲಾಮು ಮಾಡುತ್ತಾರೆ ಎಂದು ಯಾವುದೋ ಪ್ರವಚನದಲ್ಲಿ ಕೇಳಿದ್ದರು. ಅದನ್ನು ಕಣ್ಣಿನಿಂದ ನೋಡಬೇಕೆಂದು ಅವರ ಆಸೆ. ನೋಡಿಸುವುದಕ್ಕೆ ನಮಗೆ ಭಯ. ಏಕೆಂದರೆ ಹಿಂದಿನ ಸಲ ಮಥುರೆಗೆ ಕಾರಿನಲ್ಲಿ ಕರೆದುಕೊಂಡು ಹೋದಾಗ, ಮನೆ ಬಿಟ್ಟಲ್ಲಿಂದ ಮರಳುವ ತನಕ ಅವರು ಒಂದು ಲೋಟ ನೀರನ್ನೂ ಬಾಯಿಗೆ ಹಾಕಿರಲಿಲ್ಲ. “ನೀರು ಕುಡದ್ರ ಇಳೀಬೇಕಾಗ್ತದ. ಇಳದ್ರ ನನಗ ಕೂಡ್ಲಿಕ್ಕೆ ಬರಂಗಿಲ್ಲ, ಕೂತ್ರ ಏಳ್ಲಿಕ್ಕೆ ಬರಂಗಿಲ್ಲ” ಎಂದು ಆಮೇಲೆ ಹೇಳಿದರು. ಹೇಳಿದ್ದು ಎಲ್ಲಿ? ಆಸ್ಪತ್ರೆಯ ಮಂಚದ ಮೇಲೆ, ಮೂತ್ರದ ಸೋಂಕಿನಿಂದ ಜ್ವರ ಏರಿದ್ದಾಗ. ಆಗ ನಮ್ಮ ಮನೆಯಾಕೆ, “ಅತ್ತೆಯವರು ಮಾತ್ರ ಅಲ್ಲ, ದಾರಿಯಲ್ಲಿ ನಾನೂ ಕುಡಿಯುವುದಿಲ್ಲ, ನಿಮ್ಮ ಮಗಳೂ ಕುಡಿಯುವುದಿಲ್ಲ” ಎಂದಳು. ನಾವು ಗಂಡಸರು ಹೆದ್ದಾರಿಯ ಪಕ್ಕದಲ್ಲಿ ಗಿಡದ ಮರೆ ಹುಡುಕಿಕೊಂಡು ಹೋಗುವ ಜಾತಿ. ಇಪ್ಪತ್ತು ವರುಷ ಸಂಸಾರ ಮಾಡಿಯೂ ಈ ಲೆಕ್ಕ ನಮಗೆ ಹೊಳೆದಿರಲಿಲ್ಲ.

ಆದುದರಿಂದ ಈ ಸಲ ಒಂದು ಕಾರವಾನನ್ನೇ ಬಾಡಿಗೆಗೆ ಹಿಡಿದೆವು. ವ್ಯಾನಿನಷ್ಟು ದೊಡ್ಡ ಗಾಡಿ. ಒಳಗೆ ಎರಡು ಮಂಚ, ಒಂದು ಒಲೆ, ನೀರಿನ ತೊಟ್ಟಿ, ಮೂಲೆಯಲ್ಲಿ ಕುರ್ಚಿಯ ಹಾಗೆ ಕೂಡಬಹುದಾದ ಶೌಚದ ಕೋಣೆ. ಅತ್ತೆಯವರು ಅದಕ್ಕೆ ‘ಗಾಡಿಮನಿ’ ಎಂದು ನಾಮಕರಣ ಮಾಡಿದರು. ಡಲ್ಲಾಸಿನಲ್ಲಿರುವ ನಮ್ಮ ಅಣ್ಣನ ಮಗನಿಗೆ ಫೋನಿನಲ್ಲಿ ಹೆಮ್ಮೆಯಿಂದ ವರ್ಣಿಸಿದೆವು. ಅವನು ಮಂಚದ ವಿಚಾರ ಕೇಳಲಿಲ್ಲ, ಒಲೆಯ ವಿಚಾರ ಕೇಳಲಿಲ್ಲ. “ಕಾಕಾ, ಡಂಪ್ ಎಲ್ಲಿ ಮಾಡ್ತೀರಿ?” ಎಂದ.

“ಏನನ್ನು?” ಎಂದೆವು.

ಅವನು ವಿವರಿಸಿದ. ಇಂಥ ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿನದೊಂದು, ಪಾತ್ರೆ ತೊಳೆದ ಮತ್ತು ಸ್ನಾನದ ನೀರಿನದೊಂದು, ಶೌಚದ್ದೊಂದು. ಕಡೆಯ ಎರಡನ್ನು ಎಲ್ಲಾದರೂ ಬರಿದು ಮಾಡಲೇಬೇಕು. ಅಮೇರಿಕದಲ್ಲಿ ಅದಕ್ಕೆಂದೇ ‘ಡಂಪ್ ಸ್ಟೇಷನ್’ ಎಂಬ ಜಾಗಗಳಿವೆ. ಗಾಡಿಗಳು ತಂಗುವ ಉದ್ಯಾನಗಳಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ, ಕೆಲವು ರಾಜ್ಯಗಳ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ, ಸಿಮೆಂಟಿನ ನೆಲ, ಅದರ ನಡುವೆ ಮುಚ್ಚಳವಿರುವ ಪೈಪಿನ ಬಾಯಿ. ಪಕ್ಕದಲ್ಲಿ ತೊಳೆಯುವುದಕ್ಕೆ ನಲ್ಲಿ, ‘ಕುಡಿಯುವ ನೀರಲ್ಲ’ ಎಂಬ ಹಲಗೆ. ಕೈಗವಸು ಹಾಕಿಕೊಂಡು ಮೊದಲು ಶೌಚದ ತೊಟ್ಟಿ ಬಿಡಬೇಕು, ಆಮೇಲೆ ಸ್ನಾನದ ನೀರು. ಆಗ ಪೈಪು ತಾನೇ ತೊಳೆದುಹೋಗುತ್ತದೆ. ತೊಟ್ಟಿ ಮೂರರಲ್ಲಿ ಎರಡು ಪಾಲಾದರೂ ತುಂಬುವ ತನಕ ಕೀಲು ತೆರೆಯಬಾರದು. ತೆರೆದರೆ ನೀರು ಹರಿದುಹೋಗಿ ಗಟ್ಟಿ ಉಳಿದುಕೊಳ್ಳುತ್ತದೆ. ಅಲ್ಲಿಯವರು ಊರಿಂದ ಹೊರಡುವ ಮೊದಲೇ ಎರಡನೆಯ ದಿನ ಎಲ್ಲಿ, ನಾಲ್ಕನೆಯ ದಿನ ಎಲ್ಲಿ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಾರಂತೆ. ನಾವು ಗುರುತು ಹಾಕಿಕೊಂಡಿದ್ದುದು ಆಗ್ರಾದ ಪೇಠಾ ಅಂಗಡಿಯನ್ನು ಮಾತ್ರ.

ನಮ್ಮ ದೇಶದಲ್ಲಿ ಈ ಗಾಡಿಗಳ ಸಂಸಾರ ಇನ್ನೂ ಎಳೆಯದು. ಕೇರಳ ಸರಕಾರ 2021ರಲ್ಲಿ ‘ಕೇರವಾನ್’ ಎಂಬ ಯೋಜನೆ ಹೊರಡಿಸಿ, ಗಾಡಿಗಳ ಜೊತೆಗೆ ಅವು ತಂಗುವ ಉದ್ಯಾನಗಳನ್ನೂ ಸೇರಿಸಿತು. ಅದು ಬುದ್ಧಿವಂತಿಕೆ. ದೆಹಲಿಯಿಂದ ಓರ್ಛೆಯ ತನಕ ನಮಗೆ ಅಂಥ ಹಲಗೆ ಒಂದೂ ಕಾಣಲಿಲ್ಲ. ಗಾಡಿ ಕೊಟ್ಟವರನ್ನು ಕೇಳಿದ್ದೆವು. “ಅದೆಲ್ಲ ಡ್ರೈವರ್ ನೋಡಿಕೊಳ್ಳುತ್ತಾನೆ” ಎಂದರು. ಆ ಉತ್ತರ ನಮಗೆ ಬಹಳ ಹಿತವಾಗಿತ್ತು, ಮರುಪ್ರಶ್ನೆ ಹಾಕಲಿಲ್ಲ.

ಪ್ರಯಾಣ ಸುಖವಾಯಿತು. ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ 2012ರಲ್ಲಿ ತೆರೆದ ಯಮುನಾ ಎಕ್ಸ್‌ಪ್ರೆಸ್ ದಾರಿ, 165 ಕಿಲೋಮೀಟರು. ಮುಂದೆ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಗ್ವಾಲಿಯರ್, ಝಾನ್ಸಿ. ಝಾನ್ಸಿಯಿಂದ ಸ್ವಲ್ಪ ದೂರದಲ್ಲೇ ಓರ್ಛೆ. ಡಿಸೆಂಬರ್ ಜನವರಿಯಲ್ಲಿ ಹೋಗುವವರು ಬಿಸಿಲೇರುವ ಮುನ್ನ ಈ ದಾರಿಯನ್ನು ಹಿಡಿಯಬೇಡಿ, ಮಂಜಿನಲ್ಲಿ ಮುಂದಿನ ಲಾರಿ ಕಾಣುವುದು ತಗಲಿದ ಮೇಲೆಯೇ. ಅತ್ತೆಯವರು ಗ್ವಾಲಿಯರಿನೊಳಗೆ ಮೂರು ಲೋಟ ನೀರು, ಎರಡು ಚಹಾ ಮುಗಿಸಿದ್ದರು. ಅವರು ಕುಡಿಯುವುದನ್ನು ನೋಡುತ್ತಾ ನಮಗೆ ಬಾಡಿಗೆಯ ಹಣ ಅಲ್ಲಿಗೇ ಸಂದಂತಾಯಿತು.

ಓರ್ಛೆ ಸಣ್ಣ ಊರು. ಹಳೆಯ ಬಾಗಿಲುಗಳು, ಇಕ್ಕಟ್ಟಾದ ಓಣಿ, ತಗ್ಗಿನಲ್ಲಿ ತೂಗುವ ವಿದ್ಯುತ್ ತಂತಿ. ಗಾಡಿಮನೆಗೆ ಒಳಗೆ ಜಾಗವಿಲ್ಲ. ಊರ ಅಂಚಿನ ಒಂದು ವಸತಿಗೃಹದ ಅಂಗಳದಲ್ಲಿ ನಿಲ್ಲಿಸಿ, 15 ಆಂಪಿಯರ್ ಪ್ಲಗ್ಗಿಗೆ ತಂತಿ ಜೋಡಿಸಿ, ಅತ್ತೆಯವರನ್ನು ಆಟೋರಿಕ್ಷಾದಲ್ಲಿ ಗುಡಿಗೆ ಕರೆದೊಯ್ದೆವು. ರಾಮರಾಜನಿಗೆ ಸಲಾಮು ಆಯಿತು. ಬೇತ್ವಾ ನದಿಯ ದಡದಲ್ಲಿ ಬುಂದೇಲ ಅರಸರ ಛತ್ರಿಗಳ ನೆರಳಿನಲ್ಲಿ ಅತ್ತೆಯವರು ಕೈಕಾಲು ತೊಳೆದುಕೊಂಡು, ತಲೆಗೆ ನೀರು ಪ್ರೋಕ್ಷಿಸಿಕೊಂಡರು.

ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಕೆಂಪು ದೀಪ ಹತ್ತಿತು. ತೊಟ್ಟಿ ತುಂಬಿದೆ ಎಂದು ಅರ್ಥ. ನಾವು ಮೂವರು ಎರಡು ದಿನದಲ್ಲಿ ತುಂಬಿಸುವಷ್ಟು ಸಣ್ಣದೇನಲ್ಲ. ಮೊದಲು ಬಾಡಿಗೆಗೆ ಹಿಡಿದವರ ಪಾಲು ಅರ್ಧ ಹಾಗೇ ಇತ್ತೆಂಬುದು ಆಗ ತಿಳಿಯಿತು. ಡ್ರೈವರ್ ಪೈಪು ತೆಗೆದ. “ಹಿಂದೆ ನಾಲಾ ಇದೆ ಸಾಹೇಬರೇ, ಐದು ನಿಮಿಷದ ಕೆಲಸ” ಎಂದ. ಇಲ್ಲಿ ಓದುಗರೆದುರು ಒಪ್ಪಿಕೊಳ್ಳಬೇಕು: ನಾವು ಬೇಡವೆನ್ನಲಿಲ್ಲ. ಬೇರೆ ಕಡೆಗೆ ಮುಖ ಮಾಡಿ ಕೋಟೆಯ ಗೋಪುರಗಳನ್ನು ಎಣಿಸತೊಡಗಿದೆವು.

ಕಿಟಕಿಯಿಂದ ಅತ್ತೆಯವರ ದನಿ ಬಂತು. “ಆ ನಾಲಾ ಎಲ್ಲಿಗೆ ಹೋಗ್ತದೋ?”

“ಹೊಳೆಗೆ, ಅತ್ತೆ.”

“ಅದs ಹೊಳಿಯೊಳಗ ನಿನ್ನೆ ನಾ ಕೈಕಾಲು ತೊಳಕೊಂಡು ಬಂದೇನಲ್ಲೋ. ಅಲ್ಲಿ ನೋಡು, ಆ ಹುಡುಗಿ ಭಾಂಡಿ ತಿಕ್ಲಿಕ್ಕತ್ತಾಳ. ಪೈಪು ಒಳಗ ಇಡಸು.”

ಪೈಪು ಒಳಗೆ ಹೋಯಿತು. ನಮಗೆ ಆಮೇಲೆ ಹೊಳೆದದ್ದು ಇನ್ನೊಂದು. ಬೇತ್ವಾ ನದಿ ಹಮೀರಪುರದ ಬಳಿ ಯಮುನೆಯನ್ನು ಸೇರುತ್ತದೆ. ನಜಫಗಢದ ನಾಲೆ ಯಮುನೆಗೆ ಏನು ತಂದು ಸುರಿಯುತ್ತದೆ ಎಂಬುದನ್ನು ದೆಹಲಿಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿಂದಿ ಕುಂಜದ ನೊರೆಯನ್ನು ಮೂಗು ಮುಚ್ಚಿಕೊಂಡು ದಾಟುವವರು ನಾವು. ನಮ್ಮ ಊರಿನ ಹೊಲಸು ಯಮುನೆಯ ದಾರಿಯಲ್ಲಿ ಹೇಗೂ ಹಮೀರಪುರದ ಕಡೆಗೆ ಹೋಗುತ್ತಿದೆ. ಸಾಲದೆಂದು ಬಾಡಿಗೆ ಕೊಟ್ಟು, ಗಾಡಿಯಲ್ಲಿ ತುಂಬಿಕೊಂಡು, ಬೇತ್ವಾದ ದಾರಿಯಲ್ಲೂ ಕಳಿಸಲು ಹೊರಟಿದ್ದೆವು.

ವಸತಿಗೃಹದವರು ಟ್ಯಾಂಕರಿನವನನ್ನು ಕರೆಸುತ್ತೇವೆಂದರು. “ಅವನು ಎಲ್ಲಿ ಸುರಿಯುತ್ತಾನೆ?” ಎಂದು ಕೇಳಿದರೆ ಹೊಲದ ಕಡೆ ಕೈ ತೋರಿಸಿದರು. ಅಲ್ಲಿಗೆ ನಾಲಾ ಹೋಗಿ ಹೊಲ ಬಂತು, ಅಷ್ಟೇ. ಕಡೆಗೆ ಝಾನ್ಸಿಯಲ್ಲಿ ಮಲತ್ಯಾಜ್ಯ ಶುದ್ಧೀಕರಣ ಘಟಕವಿದೆಯೆಂದು ತಿಳಿದು ಫೋನ್ ಮಾಡಿದೆವು. ಶೌಚದ ಕೋಣೆಗೆ ಬೀಗ ಹಾಕಿ, ವಸತಿಗೃಹದಲ್ಲೇ ಒಂದು ಕೋಣೆ ಹಿಡಿದು ರಾತ್ರಿ ಕಳೆದು, ಮರುದಿನ ಅಲ್ಲಿಗೆ ಹೋದೆವು. “ಎಷ್ಟು ಸಾವಿರ ಲೀಟರು?” ಎಂದರು. “ಅರವತ್ತು ಲೀಟರು” ಎಂದೆವು. ನಕ್ಕರು, ಆದರೆ ಟ್ಯಾಂಕರುಗಳು ಬಿಡುವ ಜಾಗದಲ್ಲೇ ಬಿಡಲು ಒಪ್ಪಿದರು. ಡ್ರೈವರ್ ಬರಿಗೈಯಲ್ಲಿ ಪೈಪು ಹಿಡಿಯಹೋದ. ಅತ್ತೆಯವರು ಮನೆಯಾಕೆಯ ಪಾತ್ರೆ ತೊಳೆಯುವ ಕೈಗವಸನ್ನು ಕಿಟಕಿಯಿಂದ ಎಸೆದರು.

ಆ ಕೈಗವಸಿನ ಮಾತು ಸಣ್ಣದಲ್ಲ. ಮಲದ ಗುಂಡಿಗೆ, ಸೆಪ್ಟಿಕ್ ತೊಟ್ಟಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಳಿದವರು ಸತ್ತ ಸುದ್ದಿ ದೆಹಲಿಯ ಪತ್ರಿಕೆಗಳಲ್ಲಿ ಆಮೇಲೂ ಬರುತ್ತಲೇ ಇದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಕರ್ನಾಟಕದಲ್ಲಿ ನಿಲ್ಲಿಸಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರ ಹೆಸರನ್ನು ಹಿರಿಯ ಓದುಗರು ಬಲ್ಲರು. ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ‘ಡ್ರೈವರ್ ನೋಡಿಕೊಳ್ಳುತ್ತಾನೆ’ ಎಂಬ ಉತ್ತರ ನಮಗೆ ಹಿತವೆನಿಸಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಇಂಥ ಘಟಕದಲ್ಲಿ ಏನು ನಡೆಯುತ್ತದೆ ಎಂದು ಕುತೂಹಲವಿರುವವರು ರಜೆಯಲ್ಲಿ ಬೆಂಗಳೂರಿಗೆ ಹೋದಾಗ ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿಯನ್ನು ನೆನೆಯಬೇಕು. ಇಡೀ ಊರಿಗೆಂದು ಕಟ್ಟಿದ ಮಲತ್ಯಾಜ್ಯ ಘಟಕಗಳಲ್ಲಿ ನಮ್ಮ ದೇಶದ ಮೊದಲನೆಯದು 2015ರಲ್ಲಿ ಅಲ್ಲಿಯೇ ಆರಂಭವಾಯಿತು. ದಿನಕ್ಕೆ 6,000 ಲೀಟರಿನ ಅಳತೆಯದು. ಟ್ಯಾಂಕರು ತಂದದ್ದು ಮೊದಲು ತೊಟ್ಟಿಗಳಲ್ಲಿ ತಂಗಿ ಕೊಳೆತು ಹದವಾಗುತ್ತದೆ, ಗಟ್ಟಿ ಭಾಗ ಹಾಸುಗಳ ಮೇಲೆ ಒಣಗುತ್ತದೆ, ನೀರು ಬೇರೆಯಾಗಿ ಶುದ್ಧವಾಗುತ್ತದೆ. ಒಣಗಿದ್ದು ಊರಿನ ಹಸಿ ಕಸದ ಜೊತೆ ಗೊಬ್ಬರವಾಗಿ ರೈತರಿಗೆ ಹೋಗುತ್ತದೆ. ಝಾನ್ಸಿಯಲ್ಲಿ ನಾವು ಹಿಡಿದ 44ನೆಯ ಹೆದ್ದಾರಿಯನ್ನೇ ಬಿಡದೆ ದಕ್ಷಿಣಕ್ಕೆ ಹೋದರೆ ದೇವನಹಳ್ಳಿಯ ಪಕ್ಕದಲ್ಲೇ ಹಾಯುತ್ತದೆಂದು ತಿಳಿದಾಗ ಅತ್ತೆಯವರಿಗೆ ಬಹಳ ಸಂತೋಷವಾಯಿತು.

ಇನ್ನು, ಹೊರಡುವವರಿಗೆ ನಾಲ್ಕು ಮಾತು. ಗಾಡಿ ಹಿಡಿಯುವ ಮುನ್ನ ಶೌಚದ ತೊಟ್ಟಿ ಗಾಡಿಗೆ ಕೂಡಿಸಿದ್ದೋ, ಹೊರಗೆ ಎಳೆಯಬಹುದಾದದ್ದೋ ಕೇಳಿ. ಎಳೆಯುವಂಥದನ್ನು ಕ್ಯಾಸೆಟ್ ಎನ್ನುತ್ತಾರೆ; ಸುಮಾರು 20 ಲೀಟರು ಹಿಡಿಯುತ್ತದೆ, ಸೂಟ್‌ಕೇಸಿನಂತೆ ಗಾಲಿಯ ಮೇಲೆ ಉರುಳಿಸಿಕೊಂಡು ಹೋಗಿ, ಯಜಮಾನರ ಅಪ್ಪಣೆ ಪಡೆದು ಯಾವ ಒಳ್ಳೆಯ ಪಾಯಿಖಾನೆಯಲ್ಲಾದರೂ ಸುರಿಯಬಹುದು. ಸಣ್ಣ ಊರಿಗೆ ಹೋಗುವವರಿಗೆ ಇದೇ ಮೇಲು. ಗಾಡಿ ಕೈಗೆ ಬಂದಾಗ ತೊಟ್ಟಿ ಬರಿದಾಗಿದೆಯೇ ಎಂದು ಎದುರಿಗೇ ತೆಗೆಸಿ ನೋಡಿ. ವಾಸನೆ ಕಳೆಯಲು ಫಾರ್ಮಾಲ್ಡಿಹೈಡ್ ಇರುವ ದ್ರವ ಹಾಕಬೇಡಿ. ಮಲವನ್ನು ಕೊಳೆಸಿ ಶುದ್ಧಿಮಾಡುವ ಕ್ರಿಮಿಗಳನ್ನೇ ಅದು ಕೊಲ್ಲುತ್ತದೆ. ಒದ್ದೆ ಕಾಗದದ ಒರಸುಗಳನ್ನು ಒಳಗೆ ಹಾಕಲೇಬಾರದು. ಪಾತ್ರೆಯ ನೀರನ್ನು ಉಳಿಸುವುದಕ್ಕೆ ಅತ್ತೆಯವರು ಮುತ್ತುಗದ ಎಲೆ ತಂದಿದ್ದರು. ಆ ಉಪಾಯಕ್ಕೆ ಮಿಗಿಲಾದದ್ದು ನಮಗೆ ತಿಳಿಯದು.

ದೆಹಲಿಯೊಳಗಿನ ಟ್ಯಾಂಕರುಗಳಿಗೆ 2018ರ ನಿಯಮಗಳಿವೆ. ಗೊತ್ತುಮಾಡಿದ ಜಾಗದಲ್ಲೇ ಸುರಿಯಬೇಕು. ಹೊರಗೆ ಹೋದರೆ ನಾವೇ ವಿಚಾರಿಸಬೇಕು. ದಾರಿಯ ದೊಡ್ಡ ಊರಿನ ನಗರಪಾಲಿಕೆಗೆ ಹೊರಡುವ ಮೊದಲೇ ಫೋನ್ ಮಾಡಿ. ತೊಟ್ಟಿ ಬರಿದು ಮಾಡಿಸುವವರಿಗಾಗಿ 2020ರಲ್ಲಿ 14420 ಎಂಬ ಸಂಖ್ಯೆ ಆರಂಭವಾಯಿತು, ಅದನ್ನೂ ಪ್ರಯತ್ನಿಸಬಹುದು. ಲೇಹ್‌ನಲ್ಲಿ 2017ರಲ್ಲಿ ಘಟಕ ಬಂದಿದೆ. ರಾಜಸ್ಥಾನದ ಲಾಲ್‌ಸೋಟದಲ್ಲಿ, ಮಿರ್ಜಾಪುರ ಜಿಲ್ಲೆಯ ಚುನಾರಿನಲ್ಲಿ ಉಂಟು. ಗಾಡಿಮನೆಯವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ನಮ್ಮ ಬಂಧುಗಳಲ್ಲಿ ಯಾರಾದರೂ ಹೀಗೆ ಪ್ರಯಾಣ ಮಾಡಿ, ಸರಿಯಾದ ಜಾಗದಲ್ಲಿ ಬರಿದು ಮಾಡಿ ಬಂದಿದ್ದರೆ ಊರು, ಜಾಗ, ಯಾವ ಹೊತ್ತಿನಲ್ಲಿ ಬಿಡುತ್ತಾರೆ ಎಂಬ ಮೂರು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಮುಂದಿನ ಸಂಚಿಕೆಯಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸುತ್ತೇವೆ. ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ಇರುವುದು ಝಾನ್ಸಿ ಒಂದೇ. ಅತ್ತೆಯವರು ಧಾರವಾಡಕ್ಕೆ ಹಿಂದಿರುಗಿದ್ದಾರೆ; ಯುಗಾದಿಯ ಮೇಲೆ ಚಿತ್ರಕೂಟಕ್ಕೆ ಹೋಗಬೇಕಂತೆ.