ಶಾಲು ಹೊದ್ದರೆ ಹೊಟ್ಟೆ ತುಂಬೀತೆ?

ನಮ್ಮ ಅಥಣಿ, ಚಿಕ್ಕೋಡಿ ಕಡೆಯ ಸಮಾರಂಭಗಳಲ್ಲಿ ಪೆಂಡಾಲಿನವನಿಗೆ, ಮೈಕಿನವನಿಗೆ, ಅಡುಗೆಯವನಿಗೆ ಮುಂಗಡ ಸಲ್ಲುತ್ತದೆ. ಹಾಡುವ ಹುಡುಗಿಗೆ ಮಾತ್ರ ಶಾಲು, ತೆಂಗಿನಕಾಯಿ! ಮೇಲೆ, "ವಿದ್ಯೆ ಮಾರಬಾರದವ್ವಾ" ಎಂಬ ಉಪದೇಶ ಬೇರೆ.

ನಾನೂ ಈ ತಪ್ಪು ಮಾಡಿದವಳೇ. ಶಾಲೆಯ ಸ್ನೇಹಸಮ್ಮೇಳನಕ್ಕೆ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿ ಎರಡು ತಾಸು ಹಾಡಿಸಿದೆ. ಹೊರಡುವಾಗ ಅವಳು ಮೆಲ್ಲಗೆ, "ಅಕ್ಕೋರ, ತಬಲಾದವರಿಗೆ ನಾನ ಕೊಡಬೇಕ್ರಿ" ಎಂದಳು. ಮರುದಿನ ರೊಕ್ಕ ಕಳಿಸಿದೆ. ನಾಚಿಕೆ ಮಾತ್ರ ಹೋಗಲಿಲ್ಲ. ವಾರಕ್ಕೆರಡು ಸಲ ಕಾಗವಾಡ ದಾಟಿ ಮಿರಜಿಗೆ ಪಾಠಕ್ಕೆ ಹೋಗುವವಳು ಅವಳು. ಬಸ್ಸಿನ ಚಾರ್ಜು, ಪಾಠದ ಫೀ, ತಂಬೂರಿಯ ತಂತಿ, ಇವು ಯಾವುವೂ ಶಾಲಿನಿಂದ ಹುಟ್ಟುವುದಿಲ್ಲ.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಹಾಡಿಯೇ ಸಂಸಾರ ಸಾಗಿಸಿದರು. 2002ರಲ್ಲಿ ಅವರಿಗೆ ಬಂದ ಪದ್ಮವಿಭೂಷಣವನ್ನು ಹೆಮ್ಮೆಯಿಂದ ಹೇಳುವ ನಾವು ಆ ಸಂಸಾರದ ಖರ್ಚನ್ನು ಮರೆಯುತ್ತೇವೆ. ಹೆಸರು ಬಂದಮೇಲೆ ಕೊಡುತ್ತೇವೆನ್ನುವುದಾದರೆ, ಅಲ್ಲಿಯವರೆಗೆ ಹುಡುಗಿ ಏನನ್ನು ಉಣ್ಣಬೇಕು?

ಅಕ್ಕತಂಗಿಯರೇ, ಮುಂದಿನ ಸಲ ಕರೆಯುವಾಗಲೇ ಎಷ್ಟು ಕೊಡಬೇಕೆಂದು ಕೇಳಿರಿ. ರೊಕ್ಕ ಮೊದಲು, ಶಾಲು ಆಮೇಲೆ.