ನರರೋಗಗಳ ಹೊರೆ ಮತ್ತು ಮುಪ್ಪಿನ ನೆಪ

ಆಯುಸ್ಸು ಹೆಚ್ಚಿದಂತೆ ಲಕ್ವ, ಮರೆವು, ಕೈನಡುಕಗಳು ಹೆಚ್ಚುವುದು ಸಹಜವೆಂಬ ಮಾತು ವಿದ್ಯಾವಂತರ ನಡುವೆ ಪ್ರಶ್ನೆಯಿಲ್ಲದೆ ಚಲಾವಣೆಯಲ್ಲಿದೆ. ‘ಲ್ಯಾನ್ಸೆಟ್ ನ್ಯೂರಾಲಜಿ’ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದ ಪ್ರಕಾರ 2021ರಲ್ಲಿ 340 ಕೋಟಿ ಜನರಿಗೆ, ಅಂದರೆ ಜಗತ್ತಿನ ಶೇ 43ರಷ್ಟು ಮಂದಿಗೆ, ಯಾವುದಾದರೊಂದು ನರಸಂಬಂಧಿ ತೊಂದರೆ ಇತ್ತು. ಈ ಅಂಕಿಯನ್ನೂ ಮುಪ್ಪಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದೇ ಅಧ್ಯಯನವು ಅಕಾಲ ಮರಣದಿಂದ ಕಳೆದುಹೋದ ವರ್ಷಗಳನ್ನೂ ಕಾಯಿಲೆಯಿಂದ ನರಳಿದ ವರ್ಷಗಳನ್ನೂ ಕೂಡಿಸಿ ಸಿದ್ಧಪಡಿಸಿದ ‘ರೋಗದ ಹೊರೆ’ಯ ಪಟ್ಟಿಯಲ್ಲಿ ಪಾರ್ಶ್ವವಾಯುವಿನ ನಂತರದ ಸ್ಥಾನ ಮರೆವಿನ ಕಾಯಿಲೆಯದಲ್ಲ, ಹೆರಿಗೆಯ ಆಸುಪಾಸಿನಲ್ಲಿ ಉಸಿರುಕಟ್ಟಿದ ಶಿಶುವಿನ ಮಿದುಳಿಗಾಗುವ ಹಾನಿಯದು.

ಮುಪ್ಪಿನ ವಾದದಲ್ಲಿ ತಿರುಳಿಲ್ಲವೆಂದಲ್ಲ. 1990ರಿಂದ ಈಚೆಗೆ ಒಟ್ಟು ಹೊರೆ ಸುಮಾರು ಶೇ 18ರಷ್ಟು ಏರಿದ್ದರೂ, ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ ಅದರ ದರ ಶೇ 27ರಷ್ಟು ಇಳಿದಿದೆ. ಆದ್ದರಿಂದ ಏರಿಕೆಗೆ ಜನಸಂಖ್ಯೆ ಮತ್ತು ವಯಸ್ಸೇ ಮುಖ್ಯ ಕಾರಣವೆಂಬುದು ಗಟ್ಟಿಯಾದ ಮಾತು. ಆದರೆ ಇಳಿದದ್ದು ಯಾವುದು ಎಂಬುದನ್ನೂ ಕೇಳಬೇಕು. ಧನುರ್ವಾಯು, ರೇಬಿಸ್, ಮಿದುಳು ಪೊರೆಯ ಉರಿಯೂತ, ಇವೆಲ್ಲ ಇಳಿದದ್ದು ಲಸಿಕೆಯಿಂದ, ಶುಚಿಯಾದ ಹೆರಿಗೆಯಿಂದ, ಸಕಾಲದ ಔಷಧದಿಂದ. ಇದಕ್ಕೆ ತದ್ವಿರುದ್ಧವಾಗಿ, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿ ಉರಿಯುವ ನರಬಾಧೆ ಇದೇ ಅವಧಿಯಲ್ಲಿ ಮೂರು ಪಟ್ಟಿಗೂ ಮಿಗಿಲಾಗಿದೆ. ಇನ್ನು ಪದಬಂಧ ಬಿಡಿಸಿ, ನೆನಪಿನ ಮಾತ್ರೆ ನುಂಗಿ ಮಿದುಳನ್ನು ಕಾಪಾಡಿಕೊಳ್ಳಿ ಎನ್ನುವವರ ಉಪದೇಶವು ರಕ್ತದೊತ್ತಡವನ್ನು ಒಮ್ಮೆಯೂ ಅಳೆಸಿಕೊಳ್ಳದವನಿಗೆ ಮಾಡುವ ಅಣಕ.

ಮೂರ್ಛೆರೋಗದ ಸಂಗತಿಯಲ್ಲಂತೂ ಈ ಅಸಡ್ಡೆ ನಾಚಿಕೆಗೇಡಿನ ಮಟ್ಟಕ್ಕೆ ಹೋಗಿದೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದ್ದು, ಸರಿಯಾದ ಔಷಧ ದೊರೆತರೆ ಅವರಲ್ಲಿ ಶೇ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಬಡ ದೇಶಗಳ ಮುಕ್ಕಾಲು ಪಾಲು ರೋಗಿಗಳಿಗೆ ಚಿಕಿತ್ಸೆಯೇ ಇಲ್ಲ. 1912ರಿಂದಲೇ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಅತ್ಯಂತ ಅಗ್ಗದ ಮಾತ್ರೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇದನ್ನೂ ಇಂಥದೇ ಹಳೆಯ ಮಾತ್ರೆಯಾದ ಫೆನಿಟೊಯಿನ್ ಅನ್ನೂ ವರ್ಷಗಟ್ಟಲೆ ತಪ್ಪದೆ ಒದಗಿಸಿ, ಗಣನೀಯ ಪಾಲಿನ ರೋಗಿಗಳಲ್ಲಿ ಫಿಟ್ಸ್ ಹತೋಟಿಗೆ ಬಂದುದನ್ನು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ದಾಖಲಿಸಿದರು. ದುಬಾರಿ ಯಂತ್ರಗಳಿಗಿಂತ ಮಾತ್ರೆಯ ಎಡೆಬಿಡದ ಪೂರೈಕೆ ಅಲ್ಲಿ ಹೆಚ್ಚಿನ ಕೆಲಸ ಮಾಡಿತು. ಇಷ್ಟಾದರೂ ಬಿದ್ದು ಒದ್ದಾಡುವವನ ಅಂಗೈಗೆ ಬೀಗದ ಕೈ ತುರುಕುವ, ಮೂಗಿಗೆ ಚಪ್ಪಲಿ ಹಿಡಿಯುವ ರೂಢಿ ಬಸ್ ನಿಲ್ದಾಣಗಳಲ್ಲಿ ಇನ್ನೂ ಕಾಣುತ್ತದೆ. ಅದಕ್ಕೆ ಜನರ ಅಜ್ಞಾನವನ್ನು ದೂರುವವರು ಔಷಧದ ಅಭಾವವನ್ನು ಅಷ್ಟೇ ಗಟ್ಟಿಯಾಗಿ ದೂರುವುದಿಲ್ಲ.

ಪಾರ್ಶ್ವವಾಯುವಿನ ಹೊರೆಯಲ್ಲಿ ಶೇ 84ರಷ್ಟನ್ನು ತಿಳಿದಿರುವ ಅಪಾಯಕಾರಕಗಳ ಹತೋಟಿಯಿಂದ ತಪ್ಪಿಸಬಹುದಿತ್ತೆಂಬುದು ಮೇಲಿನ ಜಾಗತಿಕ ಅಧ್ಯಯನದ ಅಂದಾಜು. ಅವುಗಳಲ್ಲಿ ಮೊದಲನೆಯದು ಏರಿದ ರಕ್ತದೊತ್ತಡವಾದರೆ, ಸೌದೆ ಒಲೆಯ ಹೊಗೆ ಮತ್ತು ಊರಿನ ಕೊಳಕು ಗಾಳಿ ಅದರ ಬೆನ್ನಿಗೇ ಬರುತ್ತವೆ. ಸೀಸದ ಕಥೆ ಇನ್ನಷ್ಟು ಸ್ಪಷ್ಟವಾದುದು: ಬೆಳೆಯುವ ಮಿದುಳನ್ನು ಕುಂದಿಸುವ ಈ ಲೋಹವನ್ನು ಪೆಟ್ರೋಲಿಗೆ ಬೆರೆಸುವುದನ್ನು ಭಾರತ 2000ದಲ್ಲಿ ನಿಲ್ಲಿಸಿತು, ಕೊನೆಯ ದೇಶವಾದ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಕಾನೂನಿನಿಂದ ಇಷ್ಟು ಸಾಧ್ಯವಾದ ಮೇಲೂ ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಒಡೆದು ಸೀಸ ಕರಗಿಸುವ ದಂಧೆ ಬಡ ಬಡಾವಣೆಗಳಲ್ಲಿ ನಡೆದೇ ಇದೆ, ಅದರ ದೂಳು ಸೇರುತ್ತಿರುವುದು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳ ಮೈಗೆ.