ಬೆರಳಚ್ಚು ಸೋರಿದ್ದು ಎಲ್ಲಿಂದ, ನಷ್ಟ ಯಾರ ತಲೆಗೆ?

ಸೈಬರ್ ಅಪರಾಧಕ್ಕೆ ಸಿಕ್ಕಿ ಹಣ ಕಳೆದುಕೊಂಡವರ ಬಗ್ಗೆ ಸರ್ಕಾರಿ ಇಲಾಖೆಗಳೂ ಬ್ಯಾಂಕುಗಳೂ ವರ್ಷಗಳಿಂದ ಒಂದೇ ಮಾತು ಹೇಳುತ್ತ ಬಂದಿವೆ: ಜನ ಎಚ್ಚರ ತಪ್ಪಿದರು, ಆಸೆಗೆ ಬಿದ್ದರು, ಒಟಿಪಿ ಹೇಳಿಬಿಟ್ಟರು. ಈ ಮಾತಿನಲ್ಲಿ ಅಷ್ಟಿಷ್ಟು ನಿಜವಿದ್ದರೂ ಅದನ್ನೇ ಪೂರ್ತಿ ನಿಜವೆಂದು ಸಾರುವುದು ಅನ್ಯಾಯ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಯವರು ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದು, ಇ-ಕೆವೈಸಿ ಮಾಡಿಸಿದ್ದು ತಾವಾಗಿ ಬಯಸಿ ಅಲ್ಲ. ಪಡಿತರ, ಪಿಂಚಣಿ, ಬೆಳೆ ಪರಿಹಾರ ಬೇಕಾದರೆ ಮಾಡಿಸಲೇಬೇಕೆಂದು ಸರ್ಕಾರ ಹೇಳಿದ್ದರಿಂದ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಬರುವುದೂ ಖಾತೆಗೇ. ಜನರನ್ನು ಕೈಹಿಡಿದು ಈ ದಾರಿಗೆ ತಂದವರೇ, ದಾರಿಯಲ್ಲಿ ದರೋಡೆಯಾದಾಗ ತಪ್ಪು ನಿನ್ನದೇ ಎಂದು ಕೈತೊಳೆದುಕೊಳ್ಳುವುದನ್ನು ಒಪ್ಪಲಾಗದು.

ಕಂಪ್ಯೂಟರ್, ಮೊಬೈಲ್ ಅಥವಾ ಅವುಗಳನ್ನು ಬೆಸೆಯುವ ಜಾಲವನ್ನು ಸಾಧನವಾಗಿಯೋ ಗುರಿಯಾಗಿಯೋ ಮಾಡಿಕೊಂಡು ಎಸಗುವ ಅಪರಾಧವೇ ಸೈಬರ್ ಅಪರಾಧ. ಅನುಮತಿಯಿಲ್ಲದೆ ಜಾಲತಾಣಕ್ಕೆ ನುಗ್ಗುವ ಹ್ಯಾಕಿಂಗ್‌ನಲ್ಲಿ ಯಂತ್ರವೇ ಗುರಿಯಾದರೆ, ಹಳ್ಳಿಗಳನ್ನು ಕಾಡುವ ವಂಚನೆಗಳಲ್ಲಿ ಯಂತ್ರ ಬರೀ ಸಾಧನ, ಗುರಿ ಮನುಷ್ಯ. 2000ರ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾದಾಗ ಸೇರಿದ 66ಸಿ ಕಲಮು ಇನ್ನೊಬ್ಬರ ಪಾಸ್‌ವರ್ಡ್ ಮೊದಲಾದ ಗುರುತನ್ನು ಕದಿಯುವುದಕ್ಕೂ, 66ಡಿ ಕಲಮು ಬೇರೆಯವರ ಸೋಗಿನಲ್ಲಿ ವಂಚಿಸುವುದಕ್ಕೂ 3 ವರ್ಷದವರೆಗೆ ಸಜೆ ಹೇಳುತ್ತವೆ. ಕೇಂದ್ರ ಗೃಹ ಇಲಾಖೆಯ ಲೆಕ್ಕದಂತೆ 2024ರಲ್ಲಿ ದೇಶದ ಜನ ಇಂಥ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ.

ವಂಚನೆಯ ರೂಪಗಳನ್ನು ಹತ್ತಿರದಿಂದ ನೋಡಿದರೆ ಎಚ್ಚರಿಕೆಯ ಬೋಧನೆ ಎಷ್ಟು ದೂರ ನಡೆದೀತು ಎಂಬುದು ತಿಳಿಯುತ್ತದೆ. ಬ್ಯಾಂಕಿನದೆಂದು ತೋರುವ ನಕಲಿ ಲಿಂಕ್ ಕಳುಹಿಸಿ ಪಾಸ್‌ವರ್ಡ್ ಕಸಿಯುವುದು ಫಿಶಿಂಗ್; ಅದನ್ನೇ ಫೋನ್ ಕರೆಯಲ್ಲಿ ಮಾಡಿದರೆ ವಿಶಿಂಗ್. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ಹೆದರಿಸಿ, ಮನೆಯಿಂದ ಕದಲದಂತೆ ಕಟ್ಟಿಹಾಕಿ ಹಣ ಕೀಳುವುದು ಡಿಜಿಟಲ್ ಅರೆಸ್ಟ್. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು 2024ರ ಅಕ್ಟೋಬರ್ 27ರಂದು ಪ್ರಧಾನಿಯೇ ಬಾನುಲಿಯಲ್ಲಿ ಹೇಳಬೇಕಾಯಿತು. ಇವುಗಳ ಮುಂದೆ ಎಚ್ಚರ ಕೆಲಸಕ್ಕೆ ಬರುತ್ತದೆ. ಆದರೆ ಮದುವೆ ಕರೆಯೋಲೆಯೆಂದೋ ಪಿಎಂ ಕಿಸಾನ್ ಎಂದೋ ಹೆಸರು ಹೊತ್ತು ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಅಳವಡಿಸುವ ಕಡತ, ಒಮ್ಮೆ ಒಳಹೊಕ್ಕು ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದರೆ, ಬ್ಯಾಂಕ್ ಕಳುಹಿಸುವ ಒಟಿಪಿ ಫೋನಿನ ಒಡೆಯ ನೋಡುವ ಮೊದಲೇ ವಂಚಕನ ಕೈಸೇರುತ್ತದೆ. ಅಲ್ಲಿ ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಬುದ್ಧಿವಾದಕ್ಕೆ ಅರ್ಥವೇ ಉಳಿಯುವುದಿಲ್ಲ. ಆತ ಯಾರಿಗೂ ಹೇಳಿಯೇ ಇಲ್ಲ.

ಇದಕ್ಕಿಂತ ದೊಡ್ಡ ಸಾಕ್ಷ್ಯ ಎಇಪಿಎಸ್‌ನದು. ಪಿನ್ನೂ ಒಟಿಪಿಯೂ ಇಲ್ಲದೆ, ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದಲೇ ಖಾತೆಯ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯನ್ನು ಹಾಗೆನ್ನುತ್ತಾರೆ. ಹಳ್ಳಿಯ ಜಗಲಿಯ ಮೇಲೆ ಬ್ಯಾಂಕ್ ಮಿತ್ರ ಅಂಗೈಯಗಲದ ಯಂತ್ರವಿಟ್ಟು ಕೂರುತ್ತಾನೆ. ಅಜ್ಜಿ ಹೆಬ್ಬೆರಳು ಒತ್ತುತ್ತಾಳೆ. ಕಡಲೆಕಾಯಿ ಬಿಡಿಸಿ, ಕಳೆ ಕಿತ್ತು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹಿಡಿಯುವುದಿಲ್ಲ. ‘ಸೆರಗಲ್ಲಿ ಒರೆಸ್ಕೊಂಡು ಇನ್ನೊಂದ್ಸಲ ಇಡಜ್ಜಿ’ ಎನ್ನುತ್ತಾನೆ. ಮೂರನೆಯ ಸಲಕ್ಕೆ ಬೆರಳು ಒಪ್ಪಿಗೆಯಾಗಿ ಹಣ ಕೈಗೆ ಬರುತ್ತದೆ. ಮೊದಲೆರಡು ಸಲ ಹಣ ಕಡಿತವಾಗಲಿಲ್ಲವೆಂದು ತಿಳಿಯುವ ದಾರಿಯೆಂದರೆ ಇಂಗ್ಲಿಷಿನಲ್ಲಿ ಬರುವ ಒಂದು ಸಂದೇಶ, ಅದೂ ಬೆಂಗಳೂರಿಗೆ ಕೂಲಿಗೆ ಹೋದ ಮಗನ ಫೋನಿಗೆ. ಇಂಥ ವ್ಯವಸ್ಥೆಯನ್ನು ಕಟ್ಟಿದವರು ಆ ಅಜ್ಜಿಯಿಂದ ಎಚ್ಚರಿಕೆ ನಿರೀಕ್ಷಿಸುವುದು ಎಷ್ಟು ಸರಿ?

2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ, ಆಸ್ತಿ ನೋಂದಣಿ ಮಾಡಿಸಿದ್ದವರ ಖಾತೆಗಳಿಂದ ಇದೇ ದಾರಿಯಲ್ಲಿ ಹಣ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಕ್ರಯಪತ್ರಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ವಂಚಕರು ಎತ್ತಿಕೊಂಡಿದ್ದರೆಂದು ತನಿಖೆಯಲ್ಲಿ ಹೊರಬಂದ ಮೇಲೆ ಇಲಾಖೆ ಬೆರಳಚ್ಚುಗಳನ್ನು ಮರೆಮಾಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಹಣ ಕಳೆದುಕೊಂಡವರು ಮಾಡಿದ್ದ ತಪ್ಪೆಂದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕಾನೂನು ಹೇಳಿದಂತೆ ಹೆಬ್ಬೆಟ್ಟು ಒತ್ತಿದ್ದು. ಯುಪಿಐಯಲ್ಲಿಯೂ ನಡೆದದ್ದು ಇಂಥದೇ: ಹಣ ಕೊಡುತ್ತೇನೆಂದು ನಂಬಿಸಿ, ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಕಳುಹಿಸಿ ಪಿನ್ ಒತ್ತಿಸುವ ಮೋಸಕ್ಕೆ ವರ್ಷಗಟ್ಟಲೆ ಬಳಕೆದಾರರನ್ನೇ ದೂರಿದ ಮೇಲೆ, 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ಆ ಸೌಲಭ್ಯವನ್ನೇ ನಿಲ್ಲಿಸಲಾಯಿತು. ತೂತು ವ್ಯವಸ್ಥೆಯಲ್ಲಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. 2019ರಲ್ಲಿ ರಾಜ್ಯ ಸರ್ಕಾರದ್ದೇ ಇ-ಪ್ರೊಕ್ಯೂರ್ಮೆಂಟ್ ಜಾಲತಾಣಕ್ಕೆ ಕನ್ನ ಬಿದ್ದು 11 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋಗಿತ್ತು. ತಜ್ಞರ ಪಡೆಯೇ ಇರುವ ಸರ್ಕಾರದ ಖಜಾನೆಗೆ ಸಾಧ್ಯವಾಗದ ಎಚ್ಚರವನ್ನು ಪಾವಗಡದ ರೈತನಿಂದ ಬಯಸುವುದು ನ್ಯಾಯವಲ್ಲ.

ನಷ್ಟದ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಒಂದು ಮಟ್ಟಿಗೆ ಜನಪರವಾಗಿಯೇ ಇದೆ. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ, ಆತನ ಒಪ್ಪಿಗೆಯೂ ಇಲ್ಲದೆ ನಡೆದ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಆತನಿಗೆ ನಷ್ಟವಿಲ್ಲ. ಬ್ಯಾಂಕ್ 10 ಕೆಲಸದ ದಿನಗಳೊಳಗೆ ಹಣವನ್ನು ಖಾತೆಗೆ ಜಮಾ ತೋರಿಸಬೇಕು. ತಪ್ಪು ಗ್ರಾಹಕನದೆಂದು ರುಜುವಾತುಪಡಿಸುವ ಹೊಣೆ ಬ್ಯಾಂಕಿನದು. ಆದರೆ ಗ್ರಾಹಕನ ನಿರ್ಲಕ್ಷ್ಯವಿದ್ದರೆ, ದೂರು ಕೊಡುವವರೆಗಿನ ಇಡೀ ನಷ್ಟ ಆತನದೇ ಎಂಬ ಮಾತೂ ಅದರಲ್ಲಿದೆ. ಮೋಸಕ್ಕೆ ಸಿಕ್ಕಿ ತಾನೇ ಪಿನ್ ಒತ್ತಿದವನನ್ನು ಹೊರಗಿಡಲು ಈ ಒಂದು ಪದವೇ ಸಾಕಾಗುತ್ತದೆ. ನಷ್ಟ ತುಂಬಿಕೊಟ್ಟರೆ ಜನ ಇನ್ನಷ್ಟು ಮೈಮರೆಯುತ್ತಾರೆ, ಸುಳ್ಳು ದೂರುಗಳು ಹೆಚ್ಚುತ್ತವೆ ಎಂಬುದು ಬ್ಯಾಂಕುಗಳ ಕಡೆಯ ವಾದ. ಬ್ರಿಟನ್ ಈ ವಾದ ಕೇಳಿಯೂ 2024ರ ಅಕ್ಟೋಬರ್ 7ರಿಂದ, ಮೋಸಹೋಗಿ ತಾವೇ ಹಣ ಕಳುಹಿಸಿದವರಿಗೂ 85,000 ಪೌಂಡ್‌ವರೆಗೆ ಮರಳಿಸಬೇಕೆಂದೂ, ಆ ಹೊರೆಯನ್ನು ಹಣ ಕಳುಹಿಸಿದ ಬ್ಯಾಂಕ್ ಮತ್ತು ಪಡೆದ ಬ್ಯಾಂಕ್ ಅರ್ಧರ್ಧ ಹೊರಬೇಕೆಂದೂ ನಿಯಮ ಮಾಡಿತು. ಪಡೆದ ಬ್ಯಾಂಕನ್ನು ಹಿಡಿದದ್ದು ಇದರ ತಿರುಳು. ಕದ್ದ ಹಣ ಮೊದಲು ಇಳಿಯುವುದು ಮ್ಯೂಲ್ ಖಾತೆಗೆ, ಅಂದರೆ ಕಮಿಷನ್ ಆಸೆಗೆ ಬೇರೆಯವರಿಗೆ ಬಿಟ್ಟುಕೊಟ್ಟ ಖಾತೆಗೆ. ಅಂಥ ಖಾತೆ ತೆರೆದುಕೊಟ್ಟ ಬ್ಯಾಂಕಿನ ಕೈಯಿಂದ ದುಡ್ಡು ಹೋಗುವವರೆಗೆ ಖಾತೆದಾರರ ಪರಿಶೀಲನೆ ಬಿಗಿಯಾಗುವುದಿಲ್ಲ.

ಇನ್ನು ದೂರು ಕೊಡುವ ಮಾತು. ಹಣ ಹೋದ ಮೊದಲ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯವರೂ ತಮ್ಮ ವ್ಯಾಪ್ತಿಯದಲ್ಲವೆಂದು ಇಂಥ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ತನಿಖೆ ಮಾಡಬಹುದಾದವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಲ್ಲ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆ ತುಮಕೂರಿನಲ್ಲಿದೆ, ಪಾವಗಡದಿಂದ ಸುಮಾರು 100 ಕಿಲೊಮೀಟರ್ ದೂರ. ಹೋದ 8,000 ರೂಪಾಯಿಗೆ ಎರಡು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಸೇರಿಸಿ ಕಳೆದುಕೊಳ್ಳಲು ಬಡವರು ಸಿದ್ಧರಿರುವುದಿಲ್ಲ. ಆ ನಷ್ಟ ಯಾವ ಅಂಕಿಅಂಶಕ್ಕೂ ಸೇರುವುದಿಲ್ಲ. ತುಮಕೂರು ದೂರವಾಗುತ್ತದೆಂದು ಶಿಕ್ಷಣ ಇಲಾಖೆ ಇದೇ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿಕೊಂಡಿದೆ. ಕಂದಾಯ ಇಲಾಖೆಯ ಉಪವಿಭಾಗವೂ ಮಧುಗಿರಿಯಲ್ಲೇ ಇದೆ. ಶಾಲೆಗೂ ಜಮೀನಿಗೂ ಅನ್ವಯಿಸಿದ ವಿವೇಕ ಪೊಲೀಸ್ ಇಲಾಖೆಗೂ ಅನ್ವಯಿಸಬೇಕು.

2023ರಲ್ಲಿ ಗೃಹ ಸಚಿವರಾದ ಜಿ. ಪರಮೇಶ್ವರ ಅವರು ಕೊರಟಗೆರೆ ಕ್ಷೇತ್ರದ ಶಾಸಕರು. ಮಧುಗಿರಿಯಲ್ಲಿ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಯಿರುವ ಸೈಬರ್ ಠಾಣೆಯೊಂದನ್ನು ತೆರೆಯಲು, ನಾಲ್ಕೂ ತಾಲ್ಲೂಕುಗಳ ಠಾಣೆಗಳಲ್ಲಿ ದೂರು ಪಡೆದ ಕೂಡಲೇ ಕನ್ನಡದಲ್ಲಿ ರಸೀದಿ ಕೊಡುವುದನ್ನು ಕಡ್ಡಾಯ ಮಾಡಲು ಅವರ ಇಲಾಖೆ ಮುಂದಾಗಬೇಕು. ಪಡೆದ ಬ್ಯಾಂಕಿನ ಮೇಲೂ ಹೊಣೆ ಹೊರಿಸುವ ನಿಯಮಕ್ಕಾಗಿ ರಾಜ್ಯ ಸರ್ಕಾರ ರಿಸರ್ವ್ ಬ್ಯಾಂಕನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಹಣ ಕಳೆದುಕೊಂಡವರು ನಾಚಿಕೆಪಟ್ಟು ಸುಮ್ಮನಾಗದೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಅದರ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು.